ಚಿತ್ರ ಹಾಕಿದ ಹುಡುಗಿ ಗುಂಪು ಬಿಟ್ಟು ಹೋದಳು. ಮಾತಿಗೆ ಏನು ಕಟ್ಟಳೆ ಹಾಕೋದು?

ಬೋರ್ಡ್ ಬರೆಯುವವ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನದೊಂದು ಸಣ್ಣ ಫ್ಲೆಕ್ಸ್ ಅಂಗಡಿ. ಮೊದಲು ಬೋರ್ಡ್ ಬರೆಯುತ್ತಿದ್ದೆ. ಎನಾಮಲ್ ಪೇಂಟು, ಬ್ರಷ್ಷು, ಏಣಿ. ಫ್ಲೆಕ್ಸ್ ಬಂದ ಮೇಲೆ ಏಣಿ ಮೂಲೆ ಸೇರಿತು, ಕೈಗೆ ಮೌಸ್ ಬಂತು. ಆದರೆ ಬ್ರಷ್ ಹಿಡಿದ ಕೈ ಸುಮ್ನೆ ಇರಲ್ಲ ನೋಡಿ. ಐದು ವರ್ಷದ ಹಿಂದೆ ನಾವು ನಾಲ್ಕು ಜನ ಸೇರಿ ಭಾನುವಾರ ಬೆಳಿಗ್ಗೆ ಕುಂದವಾಡ ಕೆರೆ ಹತ್ತಿರ ಕೂತು ಚಿತ್ರ ಬಿಡಿಸಲು ಶುರು ಮಾಡಿದೆವು. ಬಿಸಿಲೇರಿದ ಮೇಲೆ ಬೆಣ್ಣೆ ದೋಸೆ ತಿಂದು ಮನೆಗೆ. ಅದಕ್ಕೊಂದು ವಾಟ್ಸಾಪ್ ಗುಂಪು, ನಾನೇ ಅಡ್ಮಿನ್. ಆ ನಾಲ್ಕು ಈಗ 180 ಆಗಿದೆ. ಕೆರೆಗೆ ಬರುವವರು ಹೆಚ್ಚೆಂದರೆ ಹದಿನೈದು. ಉಳಿದವರು ಫೋನಿನಲ್ಲೇ ಇದ್ದಾರೆ.

ಹೋದ ತಿಂಗಳು ಒಂದಿಪ್ಪತ್ತು ಜನ ಚಿತ್ರದುರ್ಗದ ಕೋಟೆಗೆ ಹೋಗಿದ್ದೆವು. ಜೊತೆಗೆ ಸೆಕೆಂಡ್ ಪಿಯುಸಿ ಓದುವ ಒಬ್ಬ ಹುಡುಗಿ. ಅವಳದು ಮಾತು ಕಮ್ಮಿ. ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾ ಓಡಾಡುತ್ತಿದ್ದರೆ ಅವಳು ಓಬವ್ವನ ಕಿಂಡಿ ಮುಂದೆ ಎರಡು ಗಂಟೆ ಕೂತು ಜಲವರ್ಣ ಮಾಡಿದಳು. ನೀರಿನ ಬಾಟಲಿಯ ಮುಚ್ಚಳವನ್ನೇ ಬಟ್ಟಲು ಮಾಡಿಕೊಂಡಿದ್ದಳು. ರಾತ್ರಿ ಹತ್ತಕ್ಕೆ ಆ ಚಿತ್ರ ಗುಂಪಿಗೆ ಹಾಕಿದಳು. "ನನ್ನ ಮೊದಲ ವಾಟರ್ ಕಲರ್" ಅಂತ ಕೆಳಗೆ ಬರೆದಿದ್ದಳು.

ಮೊದಲ ಉತ್ತರ ಬಂತು: "ಇದು ಓಬವ್ವನ ಕಿಂಡಿನೋ, ಇಲಿ ಬಿಲನೋ?"

ಅದಕ್ಕೆ ನಗುವ ಮುಖಗಳು, ಹದಿನಾಲ್ಕು. ಆಮೇಲೆ ಒಬ್ಬ ಹಿರಿಯರು "ಪಿ.ಆರ್. ತಿಪ್ಪೇಸ್ವಾಮಿಯವರ ಜಲವರ್ಣ ನೋಡಿ ಕಲಿಯಮ್ಮ" ಅಂದರು. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯವರು ತಿಪ್ಪೇಸ್ವಾಮಿ, ನಮಗೆಲ್ಲ ಹೆಮ್ಮೆಯ ಹೆಸರು. ಹಾಗಂತ ಮೊದಲ ಸಲ ಬಣ್ಣ ಕಲಸಿದ ಮಗುವಿನ ತಲೆ ಮೇಲೆ ಅವರನ್ನು ತಂದು ಕೂರಿಸುವುದಾ? ಇನ್ನೊಬ್ಬರು ಅವಳ ಚಿತ್ರದ ಮೇಲೆ ಫೋನಿನಲ್ಲೇ ಕೆಂಪು ಗೆರೆ ಎಳೆದು, ನಾಲ್ಕು ಕಡೆ ಇಂಟು ಮಾರ್ಕ್ ಹಾಕಿ ವಾಪಸ್ ಗುಂಪಿಗೇ ಹಾಕಿದರು. ಕೊನೆಗೊಬ್ಬ: "ಚಿತ್ರಕ್ಕಿಂತ ಡಿಪಿನೇ ಚೆನ್ನಾಗಿದೆ."

ಬೆಳಿಗ್ಗೆ ಎದ್ದು ನೋಡಿದರೆ ಅವಳು ಗುಂಪು ಬಿಟ್ಟಿದ್ದಳು.

ಈಗ ಹೇಳಲೇಬೇಕಾದ್ದು ಒಂದಿದೆ. ಆ ಹದಿನಾಲ್ಕು ನಗುವ ಮುಖದಲ್ಲಿ ಒಂದು ನನ್ನದು. ಊಟ ಮಾಡುತ್ತಾ ನೋಡಿದೆ, ನಗು ಬಂತು, ಒತ್ತಿದೆ. ಆ ಗುರುತಿನ ಮೇಲೆ ಬೆರಳಿಟ್ಟರೆ ಯಾರ್ಯಾರು ನಕ್ಕರು ಅಂತ ಹೆಸರು ಸಮೇತ ಕಾಣುತ್ತದೆ. ಅವಳು ನೋಡಿರುತ್ತಾಳೆ. ಅಡ್ಮಿನ್ ಅಂಕಲ್ಲೂ ನಕ್ಕರು ಅಂತ.

ಇದರ ತದ್ವಿರುದ್ಧ ಕಾಯಿಲೆಯೂ ನಮ್ಮಲ್ಲಿದೆ. ನಾಲ್ಕು ಜನಕ್ಕೆ ಬೇಕಾದ ಡಾಕ್ಟರೊಬ್ಬರು ಕ್ಯಾಲೆಂಡರಿನ ಗಣಪತಿಯನ್ನು ಟ್ರೇಸ್ ಮಾಡಿ ಹಾಕಿದರೆ "ಸೂಪರ್ ಸರ್", "ಅದ್ಭುತ ಸರ್" ಅಂತ ಅರವತ್ತು ಮೆಸೇಜು. ಸೊಂಡಿಲು ಎಡಕ್ಕೋ ಬಲಕ್ಕೋ ಅಂತ ಕೂಡ ಯಾರೂ ನೋಡಿರಲ್ಲ.

ಹುಡುಗಿ ಹೋದ ಮೇಲೆ ಕೂತು ಹನ್ನೊಂದು ನಿಯಮ ಬರೆದು ಹಾಕಿದೆ. ಮೊದಲನೆಯದು "ಎಲ್ಲರೂ ಮರ್ಯಾದೆಯಿಂದ ಮಾತಾಡಬೇಕು". ಎಲ್ಲರೂ ಕೈ ಮುಗಿದರು. ಇಲಿ ಬಿಲದವರೂ ಕೈ ಮುಗಿದರು. ಕೇಳಿದರೆ, "ನಾನು ಮರ್ಯಾದೆ ಬಿಟ್ಟು ಏನು ಅಂದೆ? ತಮಾಷೆ ಅಷ್ಟೇ" ಅಂತಾರೆ. ಅವರ ಲೆಕ್ಕದಲ್ಲಿ ಅದು ನಿಜ ಕೂಡ.

ಹಾಗಾಗಿ ಕೇಳುತ್ತಿದ್ದೇನೆ. ಚಿತ್ರದ ಬಗ್ಗೆ ಮಾತಾಡೋಕೆ ನಿಜವಾಗಿ ಕೆಲಸಕ್ಕೆ ಬರುವ ಕಟ್ಟಳೆ ಯಾರಾದರೂ ಮಾಡಿ ನೋಡಿದ್ದೀರಾ?

ನಿವೃತ್ತ ಡ್ರಾಯಿಂಗ್ ಟೀಚರ್, ಚಿತ್ರದುರ್ಗ

ನಿಮ್ಮ ನಗುವ ಮುಖದ ವಿಷಯ ಒಪ್ಪಿಕೊಂಡಿದ್ದೀರಲ್ಲ, ಅದಕ್ಕೇ ಉತ್ತರ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಓದಿ ಸುಮ್ಮನಾಗುತ್ತಿದ್ದೆ.

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಹೇಳಿಕೊಟ್ಟವಳು. ಮಕ್ಕಳ ಚಿತ್ರಗಳನ್ನು ದಾರ ಕಟ್ಟಿ ಕ್ಲಿಪ್ ಹಾಕಿ ತೂಗು ಹಾಕಿಸುತ್ತಿದ್ದೆ. ಮೊದಲ ಸುತ್ತಿನಲ್ಲಿ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಎರಡೂ ಮಾತು ಬಂದ್. ಏನು ಕಾಣುತ್ತಿದೆ, ಅದನ್ನಷ್ಟೇ ಹೇಳಬೇಕು. "ಮರ ಇದೆ ಮಿಸ್." "ಮರದ ನೆರಳು ಎಡಕ್ಕಿದೆ, ಮನೆಯ ನೆರಳು ಬಲಕ್ಕಿದೆ ಮಿಸ್." ಆಗ ಬರೆದವನೇ ಎದ್ದು ನಿಂತು ತಲೆ ಕೆರೆದುಕೊಳ್ಳುತ್ತಿದ್ದ. ಯಾರೂ ತಪ್ಪು ಅಂದಿಲ್ಲ, ಆದರೆ ತಪ್ಪು ಎಲ್ಲರಿಗೂ ಕಂಡಿದೆ. ನಿಮ್ಮ ಗುಂಪಿನಲ್ಲೂ ಮೊದಲ ಸಾಲು ಕಂಡದ್ದರ ಬಗ್ಗೆ ಇರಲಿ ಅಂತ ಮಾಡಿ. "ಸೂಪರ್" ಕಾಯಿಲೆಗೂ ಇದೇ ಔಷಧಿ. ಸೊಂಡಿಲು ಯಾವ ಕಡೆ ಅಂತ ನೋಡದೆ ಸಾಲು ಬರೆಯೋಕಾಗಲ್ಲ.

ಇನ್ನು ಇಲಿ ಬಿಲ. ನಾನು ಆ ಚಿತ್ರ ನೋಡಿಲ್ಲ. ಆದರೆ ಹಾಗಂದವರ ಕಣ್ಣು ಪೂರ್ತಿ ತಪ್ಪು ನೋಡಿರಲಿಕ್ಕಿಲ್ಲ ಅನಿಸುತ್ತದೆ. ಬರೀ ಬಂಡೆ, ನಡುವೆ ಒಂದು ಕಪ್ಪು ಸಂದು ಬರೆದರೆ ಅದು ಒಂದಡಿಯೋ ಆರಡಿಯೋ ಗೊತ್ತಾಗಲ್ಲ. ಅಳತೆ ತೋರಿಸುವ ವಸ್ತು ಬೇಕು. ಸಂದಿನ ಪಕ್ಕ ಬೆರಳುಗುರಿನಷ್ಟು ಒಬ್ಬ ಮನುಷ್ಯನನ್ನು ನಿಲ್ಲಿಸಿದರೆ ಸಾಕು, ಬಂಡೆ ತಾನಾಗಿ ಎದ್ದು ನಿಲ್ಲುತ್ತದೆ. ಬಹುಶಃ ನೆರಳಿಗೆ ಡಬ್ಬಿಯ ಕಪ್ಪನ್ನೇ ನೇರ ಹಾಕಿರುತ್ತಾಳೆ, ಮೊದಲ ಸಲ ಎಲ್ಲರೂ ಹಾಗೇ ಮಾಡೋದು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನುವ ಕಂದು ಕಲಸಿದರೆ ಕಲ್ಲಿಗೆ ಒಪ್ಪುವ ಬೂದು ಬರುತ್ತದೆ. ನೀಲಿ ಜಾಸ್ತಿಯಾದರೆ ತಣ್ಣಗಿನ ನೆರಳು, ಕಂದು ಜಾಸ್ತಿಯಾದರೆ ಬಿಸಿಲು ತಾಗಿದ ಕಡೆ.

ಇಲಿ ಬಿಲ ಅಂದವರು ಇಷ್ಟು ಹೇಳಬಹುದಿತ್ತು. ಹೇಳಲಿಲ್ಲ, ಯಾಕಂದರೆ ಇದಕ್ಕೆ ನಗುವ ಮುಖ ಬೀಳುವುದಿಲ್ಲ.

ಒಂದು ಮಾತು ಕೇಳಲಾ? ಅವರು ನಿಮ್ಮ ಗುಂಪಿನಲ್ಲಿ ಇದುವರೆಗೆ ಎಷ್ಟು ಚಿತ್ರ ಹಾಕಿದ್ದಾರೆ?

ಇದ್ದಿಲು

ಕ್ಷಮಿಸಿ, ನನಗೆ ಇದೆಲ್ಲ ಜಾಸ್ತಿ ಮೆತ್ತಗಾಯ್ತು ಅನಿಸುತ್ತದೆ.

ನಾನು ಆರ್ಟ್ ಕಾಲೇಜಿನಲ್ಲಿ ಓದಿದವನು. ನಮ್ಮಲ್ಲಿ ಕೆಲಸ ಗೋಡೆಗೆ ಹಾಕಿ ನಿಂತರೆ ಮೇಷ್ಟ್ರು ಎಲ್ಲರೆದುರಿಗೇ ಬಟ್ಟೆ ಒಗೆದ ಹಾಗೆ ಒಗೆಯುತ್ತಿದ್ದರು. ಒಮ್ಮೆ ನನ್ನ ಇದ್ದಿಲಿನ ಭಾವಚಿತ್ರದ ಮೇಲೆ ಅಂಗೈಯಿಂದ ಒರೆಸಿ "ಈಗ ಶುರು ಮಾಡು" ಅಂದರು. ಆ ದಿನ ಅತ್ತೆ. ಆದರೆ ಮೂಗಿನ ಕೆಳಗಿನ ನೆರಳು ಅವತ್ತೇ ಕಲಿತೆ.

1874ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋದ್ ಮೊನೆ ಅನ್ನುವ ಚಿತ್ರಕಾರ ಮತ್ತು ಗೆಳೆಯರು ಪ್ರದರ್ಶನ ಮಾಡಿದಾಗ ಲೂಯಿ ಲೆರುವಾ ಅನ್ನುವ ಪತ್ರಕರ್ತ ಗೋಡೆಗೆ ಅಂಟಿಸುವ ಕಾಗದವೂ ಇದಕ್ಕಿಂತ ವಾಸಿ ಅನ್ನುವ ಅರ್ಥದಲ್ಲಿ ಗೇಲಿ ಮಾಡಿದ. ಇಂಪ್ರೆಷನಿಸ್ಟ್, ಅಂದರೆ ಕಣ್ಣಿಗೆ ಕಂಡ ಛಾಪನ್ನಷ್ಟೇ ಬರೆಯುವವರು, ಅನ್ನುವ ಮಾತನ್ನು ಅಣಕಿಸೋಕೆ ಬಳಸಿದ. ಅವರು ಅದೇ ಹೆಸರು ಇಟ್ಟುಕೊಂಡು ಬೆಳೆದರು. ಒಂದು ತಮಾಷೆಗೆ ಗುಂಪು ಬಿಡುವವರು ನಾಳೆ ಪ್ರದರ್ಶನ ಮಾಡುತ್ತಾರಾ?

ಡಿಪಿ ಬಗ್ಗೆ ಮಾತಾಡಿದವನನ್ನು ಮಾತ್ರ ಆ ರಾತ್ರಿಯೇ ಆಚೆ ಹಾಕಬೇಕಿತ್ತು. ಅದು ವಿಮರ್ಶೆಯಲ್ಲ, ಚಪಲ.

ನಿವೃತ್ತ ಡ್ರಾಯಿಂಗ್ ಟೀಚರ್, ಚಿತ್ರದುರ್ಗ

ಇದ್ದಿಲು ಅವರೇ, ಮೊನೆಗೆ ಆಗ 33 ವರ್ಷ. ಪಕ್ಕದಲ್ಲಿ ರೆನ್ವಾ, ಡೆಗಾ, ಪಿಸಾರೋ ನಿಂತಿದ್ದರು. ಈ ಹುಡುಗಿಯ ಪಕ್ಕ ಯಾರಿದ್ದರು? ಅಡ್ಮಿನ್ನೂ ನಗುತ್ತಿದ್ದರು.

ನಿಮ್ಮ ಮೇಷ್ಟ್ರು ಒರೆಸಿದ್ದು ನೀವು ಅವರ ಹತ್ತಿರ ಕಲಿಯೋಕೆ ಅಂತ ಹೋಗಿದ್ದಕ್ಕೆ. ಮರುದಿನ ನಿಮ್ಮ ಹೊಸ ಚಿತ್ರ ನೋಡೋಕೂ ಅವರೇ ಇದ್ದರು. ಇಲ್ಲಿ ಒರೆಸಿದವರು ಯಾರೂ ಮರುದಿನ ಇರಲಿಲ್ಲ. ಅಂದ ಹಾಗೆ, ಒರೆಸಿದ್ದೂ ನನಗೆ ಒಪ್ಪಿಗೆಯಿಲ್ಲ. ನನ್ನ ಕ್ಲಾಸಿನಲ್ಲಿ ಮಕ್ಕಳ ಹಾಳೆಯ ಮೇಲೆ ನಾನು ಪೆನ್ಸಿಲ್ ಇಡುತ್ತಿರಲಿಲ್ಲ. ಪಕ್ಕದಲ್ಲಿ ಬೇರೆ ಕಾಗದ ಇಟ್ಟುಕೊಂಡು ಬರೆದು ತೋರಿಸುತ್ತಿದ್ದೆ.

ಕರಿಕೋಟು

ಕೋರ್ಟಿನ ಕೆಲಸ ಮಾಡುವವನು, ಚಿತ್ರದ ಗಂಧ ಇಲ್ಲ. ನನ್ನ ಮಗಳು ಬರೆಯುತ್ತಾಳೆ, ಅದಕ್ಕೆ ಇಲ್ಲಿದ್ದೇನೆ.

ಅಡ್ಮಿನ್ ಅವರಿಗೆ ಒಂದು ಸಮಾಧಾನ. ಗುಂಪಿನಲ್ಲಿ ಯಾರೋ ಹಾಕಿದ ಮೆಸೇಜಿಗೆ ಬರೀ ಅಡ್ಮಿನ್ ಅನ್ನುವ ಕಾರಣಕ್ಕೆ ನಿಮ್ಮನ್ನು ಹೊಣೆ ಮಾಡಲಾಗದು ಅಂತ ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠ 2021ರಲ್ಲಿ ಹೇಳಿದೆ. ಕೇರಳ ಹೈಕೋರ್ಟೂ 2022ರಲ್ಲಿ ಅದೇ ದಾರಿ ಹಿಡಿದಿದೆ. ಜೊತೆಗೂಡಿ ಮಾಡಿದ್ದು ಅಂತಾದರೆ ಮಾತು ಬೇರೆ.

ಆದರೆ ಡಿಪಿ ಮಾತನ್ನು ಹಗುರವಾಗಿ ತಗೋಬೇಡಿ. ಸೆಕೆಂಡ್ ಪಿಯುಸಿ ಅಂದರೆ 18 ತುಂಬಿರಲಿಕ್ಕಿಲ್ಲ. ಇಂಥದ್ದು ಮುಂದುವರಿದು ಕೆಟ್ಟ ಮಾತಿಗೆ ತಿರುಗಿದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆಯವರೆಗೂ ಹೋಗಬಹುದು. ಅಡ್ಮಿನ್ ಈಗ ಬೇರೆಯವರ ಮೆಸೇಜನ್ನೂ ಎಲ್ಲರಿಗೂ ಕಾಣದ ಹಾಗೆ ಅಳಿಸಬಹುದು, ಅಲ್ವಾ? ಅಳಿಸುವ ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ, ತಾರೀಖು ಸಮಯ ಕಾಣುವ ಹಾಗೆ. ಸಿಟ್ಟಿನಲ್ಲಿ ಅಳಿಸಿಬಿಟ್ಟು ಆಮೇಲೆ ನಮ್ಮ ಹತ್ತಿರ ಬರಿಗೈಯಲ್ಲಿ ಬರುವವರು ಜಾಸ್ತಿ. ಮಕ್ಕಳ ಸಹಾಯವಾಣಿ 1098. ಆನ್‌ಲೈನ್ ವಂಚನೆ, ಕಿರುಕುಳ ಇಂಥದ್ದಕ್ಕೆ 1930 ಮತ್ತು ಸರ್ಕಾರದ ಸೈಬರ್ ಕ್ರೈಂ ಜಾಲತಾಣ ಇದೆ.

ಕೆಂಪು ಗೆರೆಯ ವಿಷಯ. ಚಿತ್ರ ಮಾರಿದ ಮೇಲೂ ಕೆಲವು ಹಕ್ಕು ಬರೆದವರದ್ದೇ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್, ತನ್ನ ಕೃತಿಯನ್ನು ವಿರೂಪ ಮಾಡಿ ತನ್ನ ಹೆಸರಿಗೆ ಕುಂದು ತರುವುದನ್ನು ತಡೆಯುವ ಹಕ್ಕನ್ನು ಕೊಟ್ಟಿದೆ. ವಾಟ್ಸಾಪಿನಲ್ಲಿ ಗೆರೆ ಎಳೆದಿದ್ದಕ್ಕೆ ಯಾರೂ ಕೇಸ್ ಹಾಕಲಿ ಅಂತ ನಾನು ಹೇಳುತ್ತಿಲ್ಲ. ಕೇಳಿ ಎಳೆಯಿರಿ ಅಷ್ಟೇ.

ರಾತ್ರಿಬಣ್ಣ, ಹರಿಹರ

ಅಣ್ಣ, ನಾನು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಚಿತ್ರ ಬರೆಯೋದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ. ಇಂಥದೇ ಎರಡು ಗುಂಪು ಬಿಟ್ಟಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಗುಂಪಿನೊಳಗೆ ಬಂದ ಮಾತು ಎಲ್ಲರಿಗೂ ಕಾಣುತ್ತದೆ. ನನಗೆ ಅದಕ್ಕಿಂತ ಕಷ್ಟವಾದದ್ದು ಪರ್ಸನಲ್ ಆಗಿ ಬರುವ ಮೆಸೇಜು. ಚಿತ್ರ ಹಾಕಿ ಐದು ನಿಮಿಷಕ್ಕೆ ಶುರು. "ಚೆನ್ನಾಗಿ ಬರೀತೀರಾ, ಯಾವೂರು?" ಅಂತ ಒಬ್ಬರು. "ನಾನು ಹೇಳಿಕೊಡ್ತೀನಿ, ಫೋನ್ ಮಾಡ್ಲಾ?" ಅಂತ ಇನ್ನೊಬ್ಬರು. ಗುಂಪಿನಲ್ಲಿ ಒಂದು ಸಾಲೂ ಬರೆಯದವರು ಇನ್‌ಬಾಕ್ಸಿಗೆ ಬಂದು ಒಂದು ಪುಟ ಬರೆಯುತ್ತಾರೆ. ಮೊದಲ ಗುಂಪಿನಲ್ಲಿ ಅಡ್ಮಿನ್‌ಗೆ ಹೇಳಿದೆ. "ಬ್ಲಾಕ್ ಮಾಡಮ್ಮ" ಅಂದರು. ಎಷ್ಟು ಜನರನ್ನು ಬ್ಲಾಕ್ ಮಾಡ್ಲಿ? ಒಂಬತ್ತು ಜನ ಆದ ಮೇಲೆ ನಾನೇ ಹೊರಗೆ ಬಂದೆ. ಹೊಗಳಿಕೆಯೋ ತಪ್ಪೋ, ಚಿತ್ರದ ಮಾತು ಗುಂಪಿನಲ್ಲೇ ಆಗಲಿ ಅಂತ ಮಾಡಿ. ಆ ಹುಡುಗಿಗೂ ಇನ್‌ಬಾಕ್ಸಿಗೆ ಏನು ಬಂದಿತ್ತೋ ನಿಮಗೆ ಗೊತ್ತಿರಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ನನ್ನನ್ನು ಬಹಳ ಕಾಡಿದ್ದು. ಒಮ್ಮೆ ಹರಿಹರೇಶ್ವರ ದೇವಸ್ಥಾನದ ಕಂಬಗಳನ್ನು ಬರೆದು ಹಾಕಿದ್ದೆ. "ಕಂಬ ಎಲ್ಲ ಒಳಗೆ ವಾಲಿವೆ, ಪರ್ಸ್ಪೆಕ್ಟಿವ್ ಕಲಿ" ಅಂತ, ಅಂದರೆ ದೂರ ಹತ್ತಿರ ತೋರಿಸುವ ಲೆಕ್ಕ ಕಲಿ ಅಂತ, ಮೂರು ಜನ ಹೇಳಿದರು. ಸ್ಕೇಲ್ ಇಟ್ಟು ನೋಡಿದೆ, ಕಂಬ ನೆಟ್ಟಗಿತ್ತು! ಹಾಳೆಯನ್ನು ಹಾಸಿಗೆ ಮೇಲಿಟ್ಟು ಫೋನ್ ಓರೆ ಹಿಡಿದು ಫೋಟೋ ತೆಗೆದಿದ್ದೆ. ಹಾಗೆ ತೆಗೆದರೆ ಹಾಳೆಯ ದೂರದ ಅಂಚು ಕಿರಿದಾಗಿ ಕಾಣುತ್ತದೆ, ಜೊತೆಗೆ ಕಂಬವೂ ವಾಲುತ್ತದೆ. ಬಲ್ಬಿನ ಬೆಳಕಲ್ಲಿ ತೆಗೆದರೆ ಬಿಳಿ ಹಾಳೆ ಹಳದಿ. ವಾಟ್ಸಾಪ್ ಬೇರೆ ಫೋಟೋ ಕುಗ್ಗಿಸುತ್ತದೆ, ತೆಳು ಗೆರೆಯೆಲ್ಲ ಮಸುಕು. ಈಗ ಬೆಳಿಗ್ಗೆ ಕಿಟಕಿ ಹತ್ತಿರ ಹಾಳೆ ಗೋಡೆಗೆ ಒರಗಿಸಿ, ಫೋನ್ ನೇರ ಹಿಡಿದು ತೆಗೆದು, ಎಚ್‌ಡಿ ಅಂತ ಒತ್ತಿ ಕಳಿಸುತ್ತೇನೆ. ತಪ್ಪು ಹೇಳುವ ಮೊದಲು "ಇದು ಚಿತ್ರದಲ್ಲೇ ಹೀಗಿದೆಯಾ, ಫೋಟೋದಲ್ಲಾ?" ಅಂತ ಒಂದು ಪ್ರಶ್ನೆ ಕೇಳಿದರೆ ಏನು ಕಳಕೊಳ್ಳುತ್ತಾರೆ?

ಇದ್ದಿಲು ಸರ್, ನಿಮ್ಮ ಮಾತಲ್ಲೂ ಅರ್ಧ ನಿಜ ಇದೆ. ನನಗೆ "ನೈಸ್" ಅಂದವರಿಂದ ಏನೂ ಸಿಕ್ಕಿಲ್ಲ.

ಇದ್ದಿಲು

ಫೋನ್ ಓರೆ ಹಿಡಿದ ವಿಷಯ ನನಗೆ ಹೊಳೆದೇ ಇರಲಿಲ್ಲ. ಎಷ್ಟು ಜನಕ್ಕೆ ಪರ್ಸ್ಪೆಕ್ಟಿವ್ ಪಾಠ ಮಾಡಿದ್ದೇನೋ ದೇವರೇ. ಕೆಂಪು ಗೆರೆ ನಾನೂ ಎಳೆಯುತ್ತೇನೆ. ಇನ್ಮೇಲೆ ಕೇಳಿ ಎಳೆಯುತ್ತೇನೆ.

ಬೋರ್ಡ್ ಬರೆಯುವವ, ದಾವಣಗೆರೆ

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳಿಬಿಡುತ್ತೇನೆ.

ಟೀಚರ್ ಮೇಡಂ ಕೇಳಿದ್ದಕ್ಕೆ ಮೊದಲು ಹುಡುಕಿ ನೋಡಿದೆ. ಇಲಿ ಬಿಲದವರು ಗುಂಪಿಗೆ ಸೇರಿ ಎರಡು ವರ್ಷ. ಹಾಕಿದ ಚಿತ್ರ, ಸೊನ್ನೆ.

ನಿಯಮದ ವಿಷಯ ಯೋಚಿಸುತ್ತಾ ನನಗೆ ನಮ್ಮ ಗುರುಗಳು ನೆನಪಾದರು. ಮಂಡಿಪೇಟೆ ಕಡೆ ಬೋರ್ಡ್ ಬರೆಯುತ್ತಿದ್ದರು, ಈಗಿಲ್ಲ. ನನಗಾಗ ಹತ್ತೊಂಬತ್ತು. ಒಂದು ಕಿರಾಣಿ ಅಂಗಡಿ ಬೋರ್ಡು, ಕೆಂಪಿನ ಮೇಲೆ ಬಿಳಿ ಅಕ್ಷರ. "ಸ್ಟೋರ್ಸ್" ಅಂತ ಬರೆಯುವಾಗ ಟ ಒತ್ತು ಸೀಮೆಸುಣ್ಣದ ದಾರದ ಗೆರೆಗಿಂತ ಒಂದು ಬೆರಳು ಕೆಳಗಿಳಿದಿತ್ತು. ಕೆಳಗೆ ಅಂಗಡಿ ಮಾಲೀಕ ಕತ್ತೆತ್ತಿ ನೋಡುತ್ತಾ ನಿಂತಿದ್ದ. ಗುರುಗಳು ಏನೂ ಅನ್ನಲಿಲ್ಲ. ಮಾಲೀಕನನ್ನು "ಬರ್ರಿ ಸಾವ್ಕಾರ್ರೆ, ಚಾ ಕುಡಿಯಣ" ಅಂತ ಆ ಕಡೆ ಕರೆದುಕೊಂಡು ಹೊರಟರು. ಹೋಗುವಾಗ ನನ್ನ ಕೈಗೆ ಸೀಮೆಎಣ್ಣೆ ಬಟ್ಟೆ ಕೊಟ್ಟು ಮೆಲ್ಲಗೆ "ಒತ್ತು ಹಸಿ ಐತಿ, ಈಗ್ಲೇ ಒರ್ಸು" ಅಂದರು. ಒರೆಸಿ ಮತ್ತೆ ಬರೆದೆ. ಅದೇ ಬೀದಿಯಲ್ಲಿ ಇನ್ನೊಂದು ಬೋರ್ಡಿನಲ್ಲಿ ನನ್ನ ಒಂದು ದೀರ್ಘ ಸೊಟ್ಟಗಿತ್ತು. ಅದು ಒಣಗಿ ಹೋಗಿತ್ತು. ಅದರ ಬಗ್ಗೆ ಸಾಯುವವರೆಗೂ ಅವರು ಒಂದು ಮಾತು ಆಡಲಿಲ್ಲ. ನಾನು ದಿನಾ ಅದರ ಕೆಳಗೇ ಓಡಾಡುತ್ತಿದ್ದೆ, ನನಗೆ ಗೊತ್ತಿತ್ತು.

ಅದನ್ನೇ ಗುಂಪಿಗೆ ತಂದೆ. ಚಿತ್ರ ಹಾಕುವವರು ಕೆಳಗೆ ಒಂದು ಪದ ಬರೆಯಬೇಕು. "ಹಸಿ" ಅಂದರೆ ಇನ್ನೂ ಕೈಯಾಡಿಸುತ್ತಿದ್ದೇನೆ, ತಿದ್ದುವುದಿದ್ದರೆ ಹೇಳಿ. "ಒಣಗಿದೆ" ಅಂದರೆ ನೋಡಿ, ಕಂಡದ್ದನ್ನು ಹೇಳಿ, ತಿದ್ದಬೇಡಿ. ಹಸಿ ಅಂದರೂ ಅವರ ಚಿತ್ರದ ಮೇಲೆ ಗೆರೆ ಎಳೆಯುವ ಮೊದಲು ಕೇಳಬೇಕು. ಚಿತ್ರದ ಮಾತು ಇನ್‌ಬಾಕ್ಸಿಗೆ ಹೋಗಬಾರದು. ಬರೆದವರ ಮುಖ, ಮೈ, ಜಾತಿ, ಊರು ಯಾವುದರ ಸುದ್ದಿಗೂ ಬರಬಾರದು, ಬಂದರೆ ಎರಡನೇ ಮಾತಿಲ್ಲ, ಆಚೆ. ಇಷ್ಟೇ. ಹನ್ನೊಂದನ್ನೂ ಕಿತ್ತು ಹಾಕಿದೆ.

ಇದನ್ನು ಟೈಪ್ ಮಾಡಲಿಲ್ಲ. ಅಂಗಡಿ ಹಿಂದೆ ಬಿದ್ದಿದ್ದ ತಗಡಿಗೆ ಹಳದಿ ಬಳಿದು, ಬಹಳ ವರ್ಷದ ಮೇಲೆ ಎನಾಮಲ್ ತೆಗೆದು ಬರೆದೆ. ಅದರ ಫೋಟೋವೇ ಈಗ ಗುಂಪಿನ ಡಿಪಿ. (ಫೋನ್ ನೇರ ಹಿಡಿದೇ ತೆಗೆದೆ ತಂಗಿ.) ಡಿಪಿ ಮಾತಾಡಿದವನನ್ನು ಸ್ಕ್ರೀನ್‌ಶಾಟ್ ಇಟ್ಟುಕೊಂಡು ತೆಗೆದೆ. ಅವನ ಭಾವ ಫೋನ್ ಮಾಡಿ ಜಗಳ ಆಡಿದರು. ಆಡಲಿ.

ಎಲ್ಲ ಸರಿಹೋಯ್ತು ಅಂತ ಹೇಳಲ್ಲ. ಮೊದಲ ವಾರ ಎಲ್ಲರೂ "ಒಣಗಿದೆ" ಅಂತಲೇ ಹಾಕಿದರು, ಗುಂಪು ಮಸಣದ ಹಾಗಿತ್ತು. ಆಮೇಲೆ ನಾನೇ ಗಾಜಿನ ಮನೆಯದೊಂದು ಸ್ಕೆಚ್ ಮಾಡಿ "ಹಸಿ" ಅಂತ ಹಾಕಿದೆ. ಚೆನ್ನಾಗಿ ಉಗಿಸಿಕೊಂಡೆ. ನನ್ನ ಕಮಾನುಗಳು ಒಂದಕ್ಕೊಂದು ಅಳತೆಯಲ್ಲಿ ಇಲ್ಲವಂತೆ. ನಿಜ, ಇಲ್ಲ. ಈಗ ನಾಲ್ಕೈದು ಜನ ಹಸಿ ಹಾಕುತ್ತಿದ್ದಾರೆ. ಡಾಕ್ಟರ್ ಮಾತ್ರ ಯಾವಾಗಲೂ ಒಣಗಿದವರು.

ಆ ಹುಡುಗಿಗೆ ಮೆಸೇಜ್ ಹಾಕಬೇಕೋ ಬೇಡವೋ ಅಂತ ಎರಡು ದಿನ ಒದ್ದಾಡಿದೆ, ಇನ್‌ಬಾಕ್ಸ್ ವಿಷಯ ಓದಿದ ಮೇಲೆ. ಕೊನೆಗೆ ಅವರ ಅಪ್ಪನಿಗೇ ಫೋನ್ ಮಾಡಿ, ನಾನು ನಕ್ಕಿದ್ದು ತಪ್ಪಾಯ್ತು ಅಂತ ಅವಳಿಗೆ ಹೇಳಿ ಅಂದೆ. ಅವರು ಅವಳ ಕೈಗೇ ಫೋನ್ ಕೊಟ್ಟರು. "ಪರವಾಗಿಲ್ಲ ಅಂಕಲ್" ಅಂದಳು. ಕಿಂಡಿಯ ಪಕ್ಕ ಮನುಷ್ಯನನ್ನು ನಿಲ್ಲಿಸುವ ವಿಷಯ ಟೀಚರೊಬ್ಬರು ಹೇಳಿದ್ದಾರೆ, ಹೇಳ್ಲಾ ಅಂತ ಕೇಳಿದೆ. ಹೇಳಿ ಅಂದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ಹರಿದು ಹಾಕ್ಬಿಟ್ಟೆ ಅಂಕಲ್" ಅಂದಳು. ಮುಂದೆ ನನಗೆ ಮಾತು ಬರಲಿಲ್ಲ. ಗುಂಪಿಗೆ ವಾಪಸ್ ಬಾ ಅಂತ ಕರೆದಿಲ್ಲ. ಭಾನುವಾರ ಕೆರೆ ಹತ್ತಿರ ಇರುತ್ತೇವೆ ಅಂದೆ, ಅಷ್ಟೇ.

ಇಲಿ ಬಿಲದವರದ್ದು ಹೇಳುವುದು ಮರೆತೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಅವರ ಮೊದಲ ಚಿತ್ರ ಬಂತು. ಮನೆ ಮುಂದೆ ನಿಲ್ಲಿಸಿದ ಸೈಕಲ್, ಪೆನ್ಸಿಲ್ಲಿನದು. ಮುಂದಿನ ಚಕ್ರ ಕೋಳಿ ಮೊಟ್ಟೆ ಥರ ಇದೆ, ಹಿಂದಿನದು ಅದರ ಅರ್ಧ. ಕೆಳಗೆ ಬರೆದಿದ್ದರು: "ಒಣಗಿದೆ."

ನನ್ನ ಬೆರಳು ಆ ನಗುವ ಮುಖದ ಹತ್ತಿರ ಹೋಗಿತ್ತು. ಫೋನ್ ಕೆಳಗಿಟ್ಟು ಮಲಗಿದೆ.